ವಿದ್ಯುತ್ ಬಿಲ್ಲು ಅಂಗೀಕರಿಸುವ ಮುನ್ನ: ವೋಲ್ಟೇಜ್ ಮತ್ತು ಪ್ರವಾಹದಿಂದ ಲೆಕ್ಕ ಹಾಕುವ ಕ್ರಮ

ಬೀದಿದೀಪ ಹಾಗೂ ಕುಡಿಯುವ ನೀರಿನ ಸ್ಥಾವರಗಳ ವಿದ್ಯುತ್ ಬಿಲ್ಲು ಗ್ರಾಮ ಪಂಚಾಯಿತಿಯ ಖರ್ಚಿನಲ್ಲಿ ದೊಡ್ಡ ಬಾಬ್ತು. ಸಭೆಯಲ್ಲಿ ಮೊತ್ತವನ್ನಷ್ಟೇ ನೋಡಿ ಅಂಗೀಕರಿಸಿದಲ್ಲಿ, ಆ ವಿದ್ಯುತ್ ದೀಪಕ್ಕೆ ಸಂದಿತೋ ಪೋಲಾಯಿತೋ ತಿಳಿಯದು. ಎರಡು ಅಳತೆಗಳು ದೊರೆತರೆ, ಗುಣಾಕಾರ ಭಾಗಾಕಾರ ಬಲ್ಲ ಯಾವ ಸದಸ್ಯರೂ ಇದನ್ನು ಪರಿಶೀಲಿಸಬಹುದು.

ಮೂಲ ನಿಯಮಗಳು

ನೀರನ್ನು ತಳ್ಳುವ ಒತ್ತಡದಂತೆ ವೋಲ್ಟೇಜ್. ಇದರ ಮಾನ ವೋಲ್ಟ್. ಕೊಳವೆಯಲ್ಲಿ ಹರಿಯುವ ನೀರಿನಂತೆ ವಿದ್ಯುತ್ ಪ್ರವಾಹ, ಮಾನ ಆಂಪಿಯರ್. ಹರಿವಿಗೆ ಒಡ್ಡುವ ತಡೆಯೇ ರೋಧ, ಮಾನ ಓಮ್. ಜರ್ಮನಿಯ ವಿಜ್ಞಾನಿ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಇವುಗಳ ಸಂಬಂಧವನ್ನು ತಿಳಿಸುತ್ತದೆ.

ರೋಧ = ವೋಲ್ಟೇಜ್ ÷ ಪ್ರವಾಹ
ಸಾಮರ್ಥ್ಯ (ವ್ಯಾಟ್) = ವೋಲ್ಟೇಜ್ × ಪ್ರವಾಹ

1,000 ವ್ಯಾಟ್ ಭಾರ ಒಂದು ಗಂಟೆ ನಡೆದರೆ ಬಿಲ್ಲಿನಲ್ಲಿ ಒಂದು ಯೂನಿಟ್ ದಾಖಲಾಗುತ್ತದೆ.

ಬೀದಿದೀಪದ ಲೆಕ್ಕ

ಒಂದು ಮೀಟರಿಗೆ 20 ವ್ಯಾಟ್‌ನ 40 ಎಲ್ಇಡಿ ದೀಪಗಳಿವೆ ಎನ್ನೋಣ. ಒಟ್ಟು ಭಾರ 800 ವ್ಯಾಟ್. 230 ವೋಲ್ಟ್‌ನಲ್ಲಿ ಪ್ರವಾಹವು 3.5ರಿಂದ 4 ಆಂಪಿಯರ್ ಇರಬೇಕು. ಅಳತೆಯಲ್ಲಿ 6 ಆಂಪಿಯರ್ ಕಂಡುಬಂದರೆ, 230 × 6 = 1,380 ವ್ಯಾಟ್‌ವರೆಗಿನ ಭಾರವಿದೆ ಎಂದರ್ಥ. ಹಳೆಯ ದೀಪಗಳು ಉಳಿದಿವೆಯೇ, ಅನಧಿಕೃತ ಸಂಪರ್ಕವಿದೆಯೇ ಎಂದು ಪರಿಶೀಲಿಸಬೇಕು.

ದಿನಕ್ಕೆ 12 ಗಂಟೆಯಂತೆ 30 ದಿನ ಉರಿದರೆ 288 ಯೂನಿಟ್. ಆರಿಸುವವರಿಲ್ಲದೆ ಹಗಲಿನಲ್ಲೂ ಉರಿದರೆ 576 ಯೂನಿಟ್. ಬಿಲ್ಲಿನ ಯೂನಿಟ್‌ಗಳನ್ನು ಈ ಲೆಕ್ಕದೊಡನೆ ಹೋಲಿಸಿದರೆ ಲೋಪವೆಲ್ಲಿ ಎಂಬುದು ತಿಳಿಯುತ್ತದೆ.

ತಂತಿಯಲ್ಲಿನ ನಷ್ಟ

ಮೀಟರ್ ಬಳಿ 230 ವೋಲ್ಟ್ ಇದ್ದು, ಮಾರ್ಗದ ಕೊನೆಯ ಹೈಮಾಸ್ಟ್ ದೀಪದ ಬಳಿ 220 ವೋಲ್ಟ್ ಇದೆ. ಪ್ರವಾಹ 5 ಆಂಪಿಯರ್. ನಡುವೆ ಕುಸಿದ 10 ವೋಲ್ಟ್ ಅನ್ನು 5ರಿಂದ ಭಾಗಿಸಿದರೆ ತಂತಿಯ ರೋಧ ಸುಮಾರು 2 ಓಮ್. 10 × 5 = 50 ವ್ಯಾಟ್ ತಂತಿಯಲ್ಲಿಯೇ ಶಾಖವಾಗಿ ವ್ಯಯವಾಗುತ್ತದೆ. ಪ್ರವಾಹ ಇಮ್ಮಡಿಯಾದರೆ ಈ ನಷ್ಟ ನಾಲ್ಕುಪಟ್ಟಾಗುತ್ತದೆ. ತೆಳು ತಂತಿ ಮತ್ತು ಸಡಿಲ ಜೋಡಣೆ ಇದಕ್ಕೆ ಸಾಮಾನ್ಯ ಕಾರಣಗಳು. ನಷ್ಟವೆಲ್ಲ ಒಂದೇ ಸಡಿಲ ಜೋಡಣೆಯಲ್ಲಿದ್ದರೆ ಅಲ್ಲಿ ಬೆಂಕಿಯ ಅಪಾಯವೂ ಇದೆ.

ಪಂಪಿನ ಲೆಕ್ಕ

ಮೋಟಾರಿಗೆ ಮೇಲಿನ ಗುಣಾಕಾರವಷ್ಟೇ ಸಾಲದು. ಮೂರು ಫೇಸ್ ಪಂಪಿನಲ್ಲಿ ವೋಲ್ಟೇಜ್ ಮತ್ತು ಪ್ರವಾಹದ ಗುಣಲಬ್ಧವನ್ನು 1.732ರಿಂದಲೂ, ಪವರ್ ಫ್ಯಾಕ್ಟರಿನಿಂದಲೂ ಗುಣಿಸಬೇಕು. 415 ವೋಲ್ಟ್, 12 ಆಂಪಿಯರ್, ಪವರ್ ಫ್ಯಾಕ್ಟರ್ 0.8 ಇದ್ದರೆ ಸಾಮರ್ಥ್ಯ ಸುಮಾರು 6,900 ವ್ಯಾಟ್. ದಿನಕ್ಕೆ 6 ಗಂಟೆಯಂತೆ ತಿಂಗಳಿಗೆ ಸುಮಾರು 1,242 ಯೂನಿಟ್. ನೀರುಗಂಟಿಯವರು ಪಂಪು ನಡೆದ ಗಂಟೆಗಳನ್ನು ವಹಿಯಲ್ಲಿ ಬರೆದಿಟ್ಟಲ್ಲಿ ಮಾತ್ರ ಈ ತಾಳೆ ಸಾಧ್ಯ.

ಅನುಸರಿಸಬೇಕಾದ ಕ್ರಮ

ಸದಸ್ಯರು ತಂತಿ, ಕಂಬ ಅಥವಾ ಸ್ಟಾರ್ಟರ್ ಪೆಟ್ಟಿಗೆಯನ್ನು ಸ್ವತಃ ಮುಟ್ಟಬಾರದು. ಪರವಾನಗಿ ಪಡೆದ ವಿದ್ಯುತ್ ಕೆಲಸಗಾರರಿಂದ ಟಾಂಗ್ ಟೆಸ್ಟರ್ ಮೂಲಕ ಅಳತೆ ಮಾಡಿಸಿ, ಪ್ರತಿ ಸ್ಥಾವರದ ವೋಲ್ಟೇಜ್, ಪ್ರವಾಹ, ನಡೆದ ಗಂಟೆ ಹಾಗೂ ಬಿಲ್ಲಿನ ಯೂನಿಟ್‌ಗಳನ್ನು ಒಂದೇ ಪಟ್ಟಿಯಲ್ಲಿ ನಮೂದಿಸಿ ಸಾಮಾನ್ಯ ಸಭೆಯಲ್ಲಿ ಮಂಡಿಸುವುದು ಸೂಕ್ತ. ಲೆಕ್ಕಕ್ಕೂ ಬಿಲ್ಲಿಗೂ ಹೆಚ್ಚಿನ ವ್ಯತ್ಯಾಸ ಕಂಡಲ್ಲಿ, ಪಟ್ಟಿಯನ್ನು ಲಗತ್ತಿಸಿ ಮೀಟರ್ ತಪಾಸಣೆಗಾಗಿ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗಕ್ಕೆ ಲಿಖಿತ ಮನವಿ ಸಲ್ಲಿಸಬಹುದು.