ಮುಯ್ಯಿ: ಆಟಸಿದ್ಧಾಂತದ ಬೆಳಕಿನಲ್ಲಿ ನವಲಗುಂದ ಸೀಮೆಯ ಕೃಷಿ ಸಂಬಂಧಗಳು

ಕನ್ನಡದಲ್ಲಿ ‘ಮುಯ್ಯಿ’ ಎಂಬ ಪದಕ್ಕೆ ಮುಖ್ಯವಾಗಿ ಮೂರು ಬಳಕೆಗಳಿವೆ. ಒಬ್ಬನ ಹೊಲದಲ್ಲಿ ದುಡಿದು, ಅದಕ್ಕೆ ಪ್ರತಿಯಾಗಿ ಅವನ ದುಡಿಮೆಯನ್ನು ತನ್ನ ಹೊಲಕ್ಕೆ ಪಡೆಯುವುದು ಮುಯ್ಯಿ. ಹಾಗೆ ಬಂದವನು ಮುಯ್ಯಾಳು. ಮದುವೆಯಂತಹ ಕಾರ್ಯಗಳಲ್ಲಿ ಕೊಟ್ಟು, ತಮ್ಮ ಮನೆಯ ಕಾರ್ಯದಲ್ಲಿ ಮರಳಿ ಪಡೆಯುವ ಉಡುಗೊರೆಯೂ ಮುಯ್ಯಿಯೇ. ಅಪಕಾರಕ್ಕೆ ಪ್ರತಿಯಾಗಿ ಅಪಕಾರವೆಸಗುವುದೂ ‘ಮುಯ್ಯಿ ತೀರಿಸಿಕೊಳ್ಳುವುದು’ ಎನಿಸಿಕೊಳ್ಳುತ್ತದೆ. ಸಹಕಾರವನ್ನೂ ಸೇಡನ್ನೂ ಒಂದೇ ಪದ ಹೊತ್ತಿರುವುದನ್ನು ಕೇವಲ ಅರ್ಥವಿಸ್ತಾರವೆಂದು ಬದಿಗಿಡಲಾಗದು. ಬಂದದ್ದನ್ನು ಬಂದ ಅಳತೆಯಲ್ಲಿಯೇ ಹಿಂದಿರುಗಿಸಬೇಕೆಂಬ ತತ್ತ್ವ ಎರಡರ ಬುಡದಲ್ಲಿಯೂ ಇದೆ. ಮಾನವನ ಸಾಮಾಜಿಕ ವರ್ತನೆಯನ್ನು ಆಟಸಿದ್ಧಾಂತದ ಮೂಲಕ ನೋಡಿದ ವಿದ್ವಾಂಸರು ತಲುಪಿದ ಒಂದು ತೀರ್ಮಾನ ಈ ಪದಕ್ಕೆ ತೀರ ಹತ್ತಿರದ್ದು.

ಜಾನ್ ಫಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗೆನ್‌ಸ್ಟರ್ನ್ ಅವರ 1944ರ ಗ್ರಂಥದಿಂದ ಈ ಸಿದ್ಧಾಂತಕ್ಕೆ ವ್ಯವಸ್ಥಿತ ರೂಪ ದೊರೆಯಿತು. 1950ರಲ್ಲಿ ರೂಪುಗೊಂಡ ‘ಕೈದಿಗಳ ಇಕ್ಕಟ್ಟು’ ಎಂಬ ಆಟವು ಒಂದು ಅಹಿತಕರ ಸತ್ಯವನ್ನು ಮುಂದಿಟ್ಟಿತು. ಇಬ್ಬರೂ ಸಹಕರಿಸಿದರೆ ಇಬ್ಬರಿಗೂ ಲಾಭ; ಆದರೆ ಒಮ್ಮೆ ಮಾತ್ರ ಆಡುವ ಆಟದಲ್ಲಿ, ಎದುರಾಳಿ ಏನೇ ಮಾಡಲಿ, ಕೈಕೊಡುವುದೇ ಪ್ರತಿಯೊಬ್ಬನಿಗೂ ಹೆಚ್ಚು ಲಾಭಕರ. ಅದೇ ಆಟವನ್ನು ಅವರಿಬ್ಬರೂ ಮತ್ತೆ ಮತ್ತೆ ಆಡಬೇಕಾಗಿ ಬಂದರೆ? ರಾಬರ್ಟ್ ಆಕ್ಸೆಲ್‌ರಾಡ್ ಏರ್ಪಡಿಸಿದ ಗಣಕಯಂತ್ರ ಸ್ಪರ್ಧೆಗಳಲ್ಲಿ ಎರಡು ಬಾರಿಯೂ ಗೆದ್ದದ್ದು ಅನಟೋಲ್ ರ‍್ಯಾಪಪೋರ್ಟ್ ಕಳುಹಿಸಿದ ಅತ್ಯಂತ ಸರಳವಾದ ತಂತ್ರ: ಮೊದಲು ಸಹಕರಿಸು, ಅನಂತರ ಎದುರಿನವನು ಹಿಂದಿನ ಸಲ ಮಾಡಿದ್ದನ್ನೇ ಮಾಡು. ಆಕ್ಸೆಲ್‌ರಾಡ್ ಇದನ್ನು 1984ರ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಕನ್ನಡದ ಒಕ್ಕಲಿಗನಿಗೆ ಇದನ್ನು ವಿವರಿಸಲು ಹೊಸ ಪರಿಭಾಷೆಯೇ ಬೇಕಿಲ್ಲ.

ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಎರೆಭೂಮಿಯಲ್ಲಿ ಮುಯ್ಯಿಗೆ ಭೌತಿಕವಾದ ಕಾರಣವೊಂದಿದೆ. ಎರೆ ನೆಲವು ಮಳೆ ಹೆಚ್ಚಾದರೆ ಕಾಲಿಡಲು ಬಿಡದು, ಹಸಿ ಆರಿದರೆ ಬಿರಿದು ಕಲ್ಲಾಗುತ್ತದೆ. ಇವೆರಡರ ನಡುವಿನ ‘ಹದ’ ಕೆಲವೇ ದಿನಗಳದ್ದು. ಹಿಂಗಾರಿನ ಬಿಳಿಜೋಳ, ಕಡಲೆ ಬಿತ್ತಲು ಆ ಅವಧಿಯಲ್ಲಿ ಎತ್ತು, ಕೂರಿಗೆ, ಆಳು ಎಲ್ಲವೂ ಒಟ್ಟಿಗೆ ಒದಗಬೇಕು. ಸಣ್ಣ ಹಿಡುವಳಿಯ ಒಂದೇ ಮನೆಯಲ್ಲಿ ಇವೆಲ್ಲ ಇರುವುದು ಅಪರೂಪ. ಇಂದು ನೆರೆಯವನ ಬಿತ್ತನೆಗೆ ಹೋಗದವನ ಹೊಲಕ್ಕೆ ನಾಳೆ ಯಾರೂ ಬಾರರು; ಮರುವರ್ಷವೂ ಅದೇ ನೆರೆ, ಅದೇ ಬದುವು. ಭವಿಷ್ಯದ ನೆರಳು ವರ್ತಮಾನದ ಮೇಲೆ ಬೀಳುವುದೆಂದು ಆಕ್ಸೆಲ್‌ರಾಡ್ ಹೇಳುವುದು ಈ ಸ್ಥಿತಿಯನ್ನೇ.

ಆದರೆ ಸಮಾಜಶಾಸ್ತ್ರವು ಇಷ್ಟಕ್ಕೆ ತೃಪ್ತವಾಗುವುದಿಲ್ಲ. ಗಣಿತದ ಆಟಗಾರನು ಒಂಟಿ. ಹಳ್ಳಿಯ ಆಟಗಾರನು ಒಂದು ಮನೆತನ. ಮದುವೆ, ಕುಬಸಗಳಲ್ಲಿ ಬಂದ ಆಯೇರಿಯನ್ನು ಹೆಸರು ಹಿಡಿದು ಬರೆದಿಡುವ ವಹಿಯಲ್ಲಿ ಅಜ್ಜ ಪಡೆದದ್ದನ್ನು ಮೊಮ್ಮಗ ತೀರಿಸುತ್ತಾನೆ. ಉಡುಗೊರೆಯೊಳಗೆ ಮರಳಿಸುವ ಕಡ್ಡಾಯವಿರುತ್ತದೆಂದು ಮಾರ್ಸೆಲ್ ಮಾಸ್ 1925ರಷ್ಟು ಹಿಂದೆಯೇ ತೋರಿಸಿದ್ದನು. ಇನ್ನೂ ಮುಖ್ಯವಾದ ಕೊರತೆ ಬೇರೊಂದಿದೆ. ಸಮಾನವಾದುದನ್ನು ಹಿಂದಿರುಗಿಸಬಲ್ಲವರಿಗೆ ಮಾತ್ರ ಮುಯ್ಯಿಯಲ್ಲಿ ಪಾಲು. ಹೊಲವಿಲ್ಲದ ಕೂಲಿಕಾರಳು ಯಾರ ಮುಯ್ಯಾಳನ್ನು ಯಾವ ಹೊಲಕ್ಕೆ ಕರೆಯಬೇಕು? ಅವಳ ದುಡಿಮೆಗೆ ಕೂಲಿಯುಂಟು, ಮುಯ್ಯಿಯಿಲ್ಲ. ಗ್ರಾಮೀಣ ಸಹಕಾರವನ್ನು ಕೊಂಡಾಡುವ ಬರಹಗಳು ಆಟದ ಮಣೆಯಿಂದ ಹೊರಗುಳಿದ ಈ ಜಾತಿ-ವರ್ಗಗಳನ್ನು ಬಹುಮಟ್ಟಿಗೆ ಕಾಣದೆ ಹೋಗಿವೆ.

ಮುಯ್ಯಿ ಸೋಲುವ ಇನ್ನೊಂದು ಎಡೆ ಕಾಲುವೆ. ಸವದತ್ತಿ ಸಮೀಪದ ನವಿಲುತೀರ್ಥದ ಜಲಾಶಯದಿಂದ 1970ರ ದಶಕದಲ್ಲಿ ಮಲಪ್ರಭೆಯ ನೀರು ನವಲಗುಂದ, ನರಗುಂದ ಸೀಮೆಗೆ ಹರಿಯತೊಡಗಿತು. ದುಡಿಮೆ ಎರಡೂ ಕಡೆಗೆ ಸಾಗಬಲ್ಲದು. ನೀರು ಹಾಗಲ್ಲ, ಅದು ಕೆಳಕ್ಕೆ ಮಾತ್ರ ಹರಿಯುತ್ತದೆ. ಕಾಲುವೆಯ ತಲೆಯಲ್ಲಿರುವವನು ಹೆಚ್ಚು ನೀರು ಕಟ್ಟಿಕೊಂಡರೆ ತುದಿಯವನು ಅದೇ ನೀರಿನಲ್ಲಿ ಮುಯ್ಯಿ ತೀರಿಸಲಾರ. ತಲೆಯವನೂ ತುದಿಯವನೂ ಒಂದೇ ಊರಿನವರಾಗಿದ್ದರೆ ಎತ್ತು, ಬೀಗತನ, ಜಾತ್ರೆಯ ವಂತಿಗೆಗಳ ಮೂಲಕ ಒತ್ತಡ ತರಲು ಸಾಧ್ಯ. ಹತ್ತಾರು ಮೈಲಿ ದೂರದ ಅಪರಿಚಿತರಾಗಿದ್ದರೆ ಅದೂ ಇಲ್ಲ. ನೆರೆಯ ಆಂಧ್ರದ ಕಾಲುವೆ ಹಳ್ಳಿಗಳನ್ನು ಅಧ್ಯಯನ ಮಾಡಿದ ರಾಬರ್ಟ್ ವೇಡ್ 1988ರ ತನ್ನ ಗ್ರಂಥದಲ್ಲಿ, ತುದಿಯ ಕಡೆಯ ಹಳ್ಳಿಗಳೇ ಊರೊಟ್ಟಿನ ನೀರಗಂಟಿಗಳನ್ನು ನೇಮಿಸಿಕೊಂಡು ಹೆಚ್ಚು ಸಂಘಟಿತವಾಗಿದ್ದುದನ್ನು ದಾಖಲಿಸಿದ್ದಾನೆ. ಅಭಾವವು ಸಹಕಾರವನ್ನು ಒಡೆಯುತ್ತದೆ ಎಂಬ ಸಾಮಾನ್ಯ ನಂಬಿಕೆಗೆ ಇದು ಎದುರಾದುದು.

ಈ ಹಿನ್ನೆಲೆಯಲ್ಲಿ 1980ರ ರೈತ ಬಂಡಾಯವು ಮರುಪರಿಶೀಲನೆಗೆ ಅರ್ಹವಾಗಿದೆ. ವೈಯಕ್ತಿಕ ಲಾಭವನ್ನೇ ಲೆಕ್ಕ ಹಾಕುವವನು ದೊಡ್ಡ ಚಳವಳಿಗೆ ಸೇರಲಾರ, ಏಕೆಂದರೆ ಚಳವಳಿ ಗೆದ್ದರೆ ಮನೆಯಲ್ಲಿ ಕುಳಿತವನಿಗೂ ಫಲ ದೊರೆಯುತ್ತದೆ ಎಂಬುದು ಮನ್ಕರ್ ಓಲ್ಸನ್ 1965ರಲ್ಲಿ ಮಂಡಿಸಿದ ವಾದ. ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರ ರದ್ದಾದರೆ ಅದು ಎಲ್ಲರಿಗೂ ರದ್ದಾಗುತ್ತಿತ್ತು. ಆದರೂ ಸಾವಿರಾರು ಜನ ಬೀದಿಗಿಳಿದರು. ಇದಕ್ಕೆ ಉತ್ತರವನ್ನು ಆವೇಶದಲ್ಲಿ ಮಾತ್ರ ಹುಡುಕುವುದು ಸಾಲದು. ನೀರು ತಲೆಯವರನ್ನೂ ತುದಿಯವರನ್ನೂ ಬೇರ್ಪಡಿಸಿತ್ತು; ನೀರು ಕಾಣದ ಹೊಲಕ್ಕೂ ಬಂದ ಕರವು ಅವರನ್ನು ಒಂದೇ ಲೆಕ್ಕದೊಳಗೆ ತಂದಿತು. ಹತ್ತಿಯ ಬೆಲೆ ಕುಸಿತವು ತಲೆಯವರಿಗಿದ್ದ ಅನುಕೂಲವನ್ನೂ ಕರಗಿಸಿತ್ತು. ಊರ ಮೆರವಣಿಗೆಗೆ ಹೋಗದ ಮನೆಯು ಮುಂದಿನ ಬಿತ್ತನೆಯಲ್ಲಿ ನೆರೆಯವರಿಗೆ ಉತ್ತರ ಕೊಡಬೇಕಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಓಲ್ಸನ್‌ನ ಲೆಕ್ಕದಲ್ಲಿ ಈ ನೆರೆಯವನಿಗೆ ಸ್ಥಳ ಕಡಿಮೆ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಪ್ರತಿಭಟನೆ ಹಿಂಸೆಗೆ ತಿರುಗಿ, ಗೋಲಿಬಾರ್ ನಡೆದು, ರೈತರೂ ಪೊಲೀಸರೂ ಪ್ರಾಣ ಕಳೆದುಕೊಂಡರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಸ್ಥಾಪನೆಯಾಯಿತು.

ಟ್ರ್ಯಾಕ್ಟರ್ ಬಾಡಿಗೆ ಮತ್ತು ನಗದು ಕೂಲಿ ಬಂದ ಮೇಲೆ ಮುಯ್ಯಾಳಿನ ಪದ್ಧತಿ ಕ್ಷೀಣಿಸಿದೆ. ಆಯೇರಿಯ ವಹಿ ಮಾತ್ರ ಉಳಿದಿದೆ. 2015ರಲ್ಲಿ ಇದೇ ಸೀಮೆಯಲ್ಲಿ ಆರಂಭವಾದ ಮಹದಾಯಿ ಧರಣಿಯ ಬೇಡಿಕೆಯು ಮಲಪ್ರಭೆಗೆ ಹೆಚ್ಚು ನೀರು ತರುವುದರ ಕುರಿತಾದುದು. ಹೊರಗಿನಿಂದ ಬರಬೇಕಾದ ನೀರಿಗೆ ತಲೆಯವರೂ ತುದಿಯವರೂ ಒಟ್ಟಾಗಿ ಕೂರಬಲ್ಲರು; ಬಂದ ನೀರನ್ನು ಕಾಲುವೆಯೊಳಗೆ ಹಂಚಿಕೊಳ್ಳುವ ಪ್ರಶ್ನೆಗೆ ಅಂತಹ ವೇದಿಕೆ ದೊರೆಯುವುದು ಸುಲಭವಲ್ಲ.