ಮಾತಿನ ಕಾಲುವೆ, ತೂಬಿನ ಒಡೆತನ

ವಿಜಯಪುರದಲ್ಲಿ ವಕೀಲಿ ವೃತ್ತಿ ನಡೆಸುತ್ತಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗಳ ಪೂಜೆಯ ಜಗುಲಿಯಲ್ಲಿದ್ದ ತಾಡವೋಲೆಯ ಕಟ್ಟುಗಳನ್ನು ಅರಸಿ, ನಕಲು ಮಾಡಿ, 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಸಿದ್ಧಪಡಿಸಿದಾಗ ಅವರಿಗೆ ಎದುರಾದ ತೊಡಕು ಪಾಂಡಿತ್ಯದ್ದಾಗಿರಲಿಲ್ಲ, ಅಚ್ಚಿನದಾಗಿದ್ದಿತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು ಹಸ್ತಪ್ರತಿಯನ್ನು ಮುದ್ರಿಸದೆ ಹಿಂದಿರುಗಿಸಿತೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಗ್ರಂಥವು 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಅನ್ಯರ ಯಂತ್ರವನ್ನು ನಂಬಿ ಈ ಕಾರ್ಯ ಸಾಗದೆಂದು ಮನಗಂಡ ಹಳಕಟ್ಟಿಯವರು ಇದ್ದ ಮನೆಯನ್ನು ಮಾರಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಟಿತು.

ಈ ಪ್ರಸಂಗವನ್ನು ತ್ಯಾಗದ ನಿದರ್ಶನವಾಗಿ ಸ್ಮರಿಸುವುದು ವಾಡಿಕೆ. ಅದರಲ್ಲಿ ಇನ್ನೊಂದು ಅಂಶವೂ ಅಡಗಿದೆ. ಮಾತಿಗೆ ವಾಹನವೊಂದು ಬೇಕು. ಆ ವಾಹನದ ಒಡೆಯನಿಗೆ ಮಾತನ್ನು ತಡೆಯುವ ಶಕ್ತಿ ತಾನಾಗಿಯೇ ಬರುತ್ತದೆ. 1925ರಲ್ಲಿ ಒಂದು ಮನೆಯ ಬೆಲೆಗೆ ಅಂತಹ ವಾಹನವೊಂದನ್ನು ಕೊಳ್ಳುವುದು ಸಾಧ್ಯವಿತ್ತು. ಇಂದು ಕನ್ನಡದ ಮಾತು ಸಂಚರಿಸುವ ವಾಹನಗಳನ್ನು ಯಾರ ಮನೆಯ ಬೆಲೆಗೂ ಕೊಳ್ಳಲಾಗದು.

ಮೊಬೈಲಿಗೆ ಕನ್ನಡದಲ್ಲಿ 'ಜಂಗಮವಾಣಿ' ಎಂಬ ಸುಂದರವಾದ ಹೆಸರನ್ನು ಕೆಲವರು ಬಳಸುವುದುಂಟು. ಹೆಸರು ಅರ್ಧ ಸತ್ಯ. ಕೈಯಲ್ಲಿರುವ ಉಪಕರಣ ಜಂಗಮವೇ ಸರಿ. ಅದರಲ್ಲಿ ಆಡಿದ ಮಾತು ಹೋಗಿ ಸೇರುವ ಯಂತ್ರಾಗಾರಗಳು ಮಾತ್ರ ದೂರದೇಶಗಳಲ್ಲಿ ಭದ್ರವಾಗಿ ನೆಲೆಯೂರಿದ ಸ್ಥಾವರಗಳು. ದೇವದುರ್ಗದ ರೈತನು ರಾಯಚೂರು ಮಾರುಕಟ್ಟೆಯ ಹತ್ತಿಯ ಧಾರಣೆಯನ್ನು ತಿಳಿಯುವುದು, ಮಾನ್ವಿಯ ಅಂಗಡಿಕಾರನು ಹಣ ಪಡೆಯುವುದು, ಊರು ಬಿಟ್ಟು ದುಡಿಯಲು ಹೋದ ಮಗನು ತಾಯಿಯ ಮುಖ ನೋಡುವುದು, ಮಠದ ಪ್ರವಚನವು ಭಕ್ತರ ಮನೆಯನ್ನು ಮುಟ್ಟುವುದು, ಎಲ್ಲವೂ ಈಗ ಈ ಮಾರ್ಗದಿಂದಲೇ. ವಾಟ್ಸ್‌ಆ್ಯಪನ್ನು ಫೇಸ್‌ಬುಕ್ ಕಂಪನಿಯು 2014ರಲ್ಲಿ ಕೊಂಡಿತು. ಆ ಕಂಪನಿಯೇ 2021ರಿಂದ ಮೆಟಾ ಎಂಬ ಹೆಸರಿನಲ್ಲಿದೆ. ಯೂಟ್ಯೂಬ್ ಗೂಗಲ್‌ಗೆ ಸೇರಿದ್ದು. ಬಹುಪಾಲು ಫೋನುಗಳನ್ನು ನಡೆಸುವ ಆಂಡ್ರಾಯ್ಡ್ ವ್ಯವಸ್ಥೆಯೂ ಗೂಗಲ್‌ನದೇ. ಮಾರ್ಗಗಳು ಹಲವಾಗಿ ಕಂಡರೂ ಒಡೆಯರು ಕೆಲವರೇ.

ಈ ಒಡೆತನದ ಸ್ವರೂಪವನ್ನು ಅರಿಯಲು ರಾಯಚೂರು ಸೀಮೆಯವರಿಗೆ ಕಾಲುವೆಗಿಂತ ಸಮೀಪದ ಉಪಮಾನ ಬೇರೊಂದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯು ಗಂಗಾವತಿ, ಸಿಂಧನೂರುಗಳನ್ನು ದಾಟಿ ಮಾನ್ವಿಗೂ ಅಲ್ಲಿಂದ ರಾಯಚೂರಿನ ಕಡೆಗೂ ಬರುತ್ತದೆ. ಮೇಲ್ಭಾಗದಲ್ಲಿ ನೀರು ಯಥೇಚ್ಛ. ಕೊನೆಯ ಭಾಗದ ಹೊಲಗಳಿಗೆ ಬರುವ ವೇಳೆಗೆ ಅದು ಸೊರಗಿರುತ್ತದೆ. ಇದು ದಶಕಗಳ ವ್ಯಾಜ್ಯ. ಆದರೂ ಆ ವ್ಯಾಜ್ಯಕ್ಕೆ ಒಂದು ಕ್ರಮವಿದೆ. 69ನೇ ಮೈಲಿಯಲ್ಲಿ, 104ನೇ ಮೈಲಿಯಲ್ಲಿ ನೀರಿನ ಮಟ್ಟವನ್ನು ತೋರುವ ಗೇಜುಗಳಿವೆ. ಇಷ್ಟು ಅಡಿ ಇರಬೇಕಾಗಿದ್ದಿತು, ಇಷ್ಟೇ ಇದೆ ಎಂದು ಅನಕ್ಷರಸ್ಥ ರೈತನೂ ಬೆರಳಿಟ್ಟು ತೋರಿಸಬಲ್ಲನು. ನೀರು ಬಿಡುವ ದಿನವನ್ನು ನಿರ್ಧರಿಸುವ ಸಲಹಾ ಸಮಿತಿಯಿದೆ, ಕೇಳುವುದಕ್ಕೆ ಕಚೇರಿಯಿದೆ, ಕಚೇರಿ ಕೇಳದಿದ್ದರೆ ಕುಳಿತು ಧರಣಿ ಮಾಡಲು ಹೆದ್ದಾರಿಯಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಕಡಿದ ಸರಪಳಿಯನ್ನು ನಾಡೆಲ್ಲ ಕಂಡಿತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟನ್ನು ಕೂರಿಸಿದುದನ್ನೂ ಕಂಡಿತು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂಗಳು ಸುಮಾರು ಆರು ಗಂಟೆಗಳ ಕಾಲ ಜಗತ್ತಿನಾದ್ಯಂತ ಸ್ತಬ್ಧವಾದವು. ಆಂತರಿಕ ಜಾಲದ ಸಂಯೋಜನೆಯಲ್ಲಾದ ಬದಲಾವಣೆಯೊಂದು ಕಾರಣವೆಂದು ಕಂಪನಿ ತಾನೇ ಆಮೇಲೆ ತಿಳಿಸಿತು. ಅದು ತಿಳಿಸಿದಷ್ಟೇ ಲೋಕಕ್ಕೆ ತಿಳಿದುದು.

ಕಂಪನಿಗಳ ಕಾಲುವೆಗೆ ದಂಡೆಯ ಮೇಲೆ ನಿಂತು ಓದಬಹುದಾದ ಗೇಜು ಇಲ್ಲ. ಯಾವ ಬರಹ ಮೊದಲು ಕಾಣಬೇಕು, ಯಾವುದು ಕೆಳಗೆ ಸರಿಯಬೇಕು ಎಂಬುದನ್ನು ಲೆಕ್ಕಾಚಾರದ ಯಂತ್ರವೊಂದು ನಿಶ್ಚಯಿಸುತ್ತದೆ. ನೋಡುವವನು ಯಾವುದರ ಮೇಲೆ ಹೆಚ್ಚು ಹೊತ್ತು ನಿಲ್ಲುವನು, ಯಾವುದಕ್ಕೆ ಉದ್ರೇಕಗೊಂಡು ಉತ್ತರಿಸುವನು ಎಂಬುದನ್ನು ಮುಂಗಂಡು ಅದು ವಿಷಯಗಳನ್ನು ಜೋಡಿಸುತ್ತದೆ. ನಿಂತಷ್ಟು ಹೊತ್ತು ಜಾಹೀರಾತನ್ನು ತೋರಿಸಬಹುದು, ಜಾಹೀರಾತಿನಿಂದಲೇ ಆದಾಯ. ಮೂಲ ಸೂತ್ರ ಇಷ್ಟೇ. ಅದರ ವಿವರ ಮಾತ್ರ ವ್ಯಾಪಾರದ ಗುಟ್ಟು.

ಈ ಯಂತ್ರದ ನಡೆಯನ್ನು ಕನ್ನಡಿಗರು ಒಮ್ಮೆ ಕಣ್ಣಾರೆ ಕಂಡರು. 2021ರ ಜೂನ್ ಆರಂಭದಲ್ಲಿ, ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ಕನ್ನಡವೆಂದು ಉತ್ತರಿಸಿತು. ಭಾಷೆಗೂ ಸಾಹಿತ್ಯಕ್ಕೂ ಸಂಬಂಧವೇ ಇಲ್ಲದ ಯಾವುದೋ ತಾಣದ ಒಂದು ಸಾಲನ್ನು ಯಂತ್ರವು ಹೆಕ್ಕಿ ತಂದು, ಚೌಕಟ್ಟು ಹಾಕಿ, ತನ್ನದೇ ನಿರ್ಣಯವೆಂಬಂತೆ ಪುಟದ ನೆತ್ತಿಯ ಮೇಲೆ ಇಟ್ಟಿತ್ತು. ನಾಡು ಕೆರಳಿತು. ಕಾನೂನು ಕ್ರಮ ಕೈಗೊಳ್ಳುವುದಾಗಿ ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ಎಚ್ಚರಿಸಿದರು. ಗೂಗಲ್ ಉತ್ತರವನ್ನು ತೆಗೆದುಹಾಕಿ ಕ್ಷಮೆ ಯಾಚಿಸಿತು. ಶೋಧದ ಫಲಿತಾಂಶವು ತನ್ನ ಅಭಿಪ್ರಾಯವಲ್ಲವೆಂದು ವಿವರಿಸಿತು. ಸಾವಿರಾರು ವರ್ಷಗಳ ನುಡಿಗೆ ಇಂತಹ ಮಾತಿನಿಂದ ಕುಂದೇನೂ ಇಲ್ಲ. ವಿಚಾರಾರ್ಹವಾದುದು ಬೇರೆ. ತನ್ನದಲ್ಲದ ಅಭಿಪ್ರಾಯಕ್ಕೆ ಸಿಂಹಾಸನ ಹಾಕಿದವರು ಯಾರು? ಒಂದು ದಿನದೊಳಗೆ ಅದನ್ನು ಇಳಿಸಬಲ್ಲ ಕೈ, ಏರಿಸುವಾಗ ಎಲ್ಲಿತ್ತು? ಒಂದು ರಾಜ್ಯವೇ ಕೂಗಿದ್ದರಿಂದ ಕೂಗು ಕೇಳಿಸಿತು. ದೇವದುರ್ಗದ ಒಬ್ಬ ಅಧ್ಯಾಪಕನ ಬಗೆಗೆ ಇಂತಹುದೇ ಸುಳ್ಳು ಮೇಲೇರಿದರೆ ಅವನು ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು?

ವಚನಗಳನ್ನು ಓದಿದವರಿಗೆ ಅಂಕಿತದ ಬೆಲೆ ಗೊತ್ತು. ಶತಮಾನಗಳ ಕಾಲ ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಸಾಗಿದ ಮಾತು ಇಂಥವರದೆಂದು ಹೇಳಲು ಸಾಧ್ಯವಾದುದು ಬಹುಮಟ್ಟಿಗೆ ಅದರಿಂದ. ಅಂಕಿತವು ಭಕ್ತಿಯ ಗುರುತಾಗಿರುವಂತೆ ಹೊಣೆಯ ಗುರುತೂ ಹೌದು. ವಾಟ್ಸ್‌ಆ್ಯಪಿನಲ್ಲಿ ಕೈಯಿಂದ ಕೈಗೆ ದಾಟುವ ಮಾತಿಗೆ ಅಂಕಿತವಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಇದರ ಫಲ ಘೋರವಾಗಿ ಪ್ರಕಟವಾಯಿತು. ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೊರಗಿನ ಯುವಕರನ್ನು ಮಕ್ಕಳ ಕಳ್ಳರೆಂದು ಸಾರುವ ಸಂದೇಶವು ಅವರ ಕಾರಿಗಿಂತ ಮೊದಲೇ ಮುಂದಿನ ಊರನ್ನು ಮುಟ್ಟಿತು. ಜನ ದಾರಿಗೆ ಅಡ್ಡಕಟ್ಟಿದರು. ಹೈದರಾಬಾದಿನ ಒಬ್ಬ ಯುವ ಎಂಜಿನಿಯರ್ ಹತನಾದನು. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಹೊಡೆದವರ ಪಾಪ ಹೊಡೆದವರದೇ. ಆದರೆ ದೇಶದ ಹಲವೆಡೆ ಇಂತಹ ಹತ್ಯೆಗಳು ನಡೆದ ಮೇಲೆ, ಅದೇ ತಿಂಗಳಲ್ಲಿ ಕಂಪನಿಯು ರವಾನಿಸಿದ ಸಂದೇಶಕ್ಕೆ ಗುರುತುಪಟ್ಟಿ ಹಚ್ಚಿತು. ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಕಳಿಸಬಹುದೆಂದು ಮಿತಿ ಹಾಕಿತು. ಹಾಕಬಹುದಾಗಿದ್ದ ಮಿತಿ ಮೊದಲಿನಿಂದಲೂ ಅದರ ಕೈಯಲ್ಲಿಯೇ ಇದ್ದಿತೆಂಬುದು ಇದರಿಂದ ಸ್ಪಷ್ಟ.

ಇನ್ನು ಸಂಗ್ರಹದ ವಿಷಯ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರಕ್ಕೆ ಸೇರಿದವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ಪ್ರಸಿದ್ಧ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. ಕಂಪನಿಗಳದೂ ಚೆಲ್ಲಿದ ಕಾಳನ್ನು ಆಯುವ ಕೆಲಸವೇ. ಯಾರು, ಯಾವಾಗ, ಎಲ್ಲಿ, ಯಾರೊಡನೆ, ಏನನ್ನು ಹುಡುಕುತ್ತ ಎಂಬ ಕಾಳುಗಳು. ವಾಟ್ಸ್‌ಆ್ಯಪಿನ ಸಂದೇಶದ ಒಡಲನ್ನು 2016ರಿಂದೀಚೆಗೆ ಕಂಪನಿಯೂ ಓದಲಾರದಂತೆ ಗೂಢಲಿಪಿಯಲ್ಲಿ ಕಳುಹಿಸಲಾಗುತ್ತದೆ. ಆದರೆ ಸಂಪರ್ಕದ ಕುರುಹುಗಳು ಉಳಿಯುತ್ತವೆ. 2021ರಲ್ಲಿ ಹೊಸ ನಿಯಮವನ್ನು ಒಪ್ಪಲೇಬೇಕೆಂದು ಅದು ಬಳಕೆದಾರರ ಮುಂದಿಟ್ಟ ರೀತಿಗಾಗಿ ಭಾರತೀಯ ಸ್ಪರ್ಧಾ ಆಯೋಗವು 2024ರ ನವೆಂಬರಿನಲ್ಲಿ ಮೆಟಾಗೆ 213 ಕೋಟಿ ರೂಪಾಯಿ ದಂಡ ವಿಧಿಸಿತು. ಮುಂದಿನ ವರ್ಷ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿಯಿತು. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ತೀರ್ಪಿಗೆ ಕಾರಣರಾದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. 2023ರ ದತ್ತಾಂಶ ಸಂರಕ್ಷಣಾ ಕಾಯಿದೆಯು ಲಕ್ಕಮ್ಮನ ಮಾತಿಗೆ ಬಹಳ ಸಮೀಪ ಬರುತ್ತದೆ. ವೈದ್ಯಸಲಹೆ ನೀಡುವ ಆ್ಯಪು ರೋಗಿಯ ಫೋನಿನಲ್ಲಿರುವ ಪರಿಚಿತರ ಪಟ್ಟಿಯನ್ನೂ ಕೇಳಿದರೆ, ರೋಗಿ ಹೂಂ ಎಂದರೂ ಆ ಒಪ್ಪಿಗೆ ವೈದ್ಯಸಲಹೆಗೆ ಬೇಕಾದಷ್ಟಕ್ಕೇ ಸೀಮಿತವೆಂದು ಕಾಯಿದೆಯೇ ಉದಾಹರಿಸುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳ ಪಾಲನೆಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಯಿತು.

ಪ್ರಭುತ್ವವು ಕೈಕಟ್ಟಿ ಕುಳಿತಿಲ್ಲ. ಕೆಲವೇ ತಾಣಗಳನ್ನು ಉಚಿತವಾಗಿ ತೋರಿಸುವ ಫೇಸ್‌ಬುಕ್‌ನ 'ಫ್ರೀ ಬೇಸಿಕ್ಸ್' ಯೋಜನೆಗೆ 2016ರ ಫೆಬ್ರವರಿಯಲ್ಲಿ ದೂರಸಂಪರ್ಕ ಪ್ರಾಧಿಕಾರದ ನಿಯಮವು ತಡೆಯೊಡ್ಡಿತು. ಬಡವರಿಗೆ ಪುಕ್ಕಟೆ ನೀರು ಕೊಡುತ್ತೇನೆ, ಹೊಲ ಮಾತ್ರ ನಾನು ಹೇಳಿದ್ದೇ ಎಂಬಂತಿದ್ದ ಯೋಜನೆಯದು. ಆದರೆ ಕಟ್ಟುವುದು ಸುಲಭ, ಒಡೆತನ ಹಂಚುವುದು ಕಷ್ಟ. ಯುಪಿಐ ಎಂಬ ಹಣದ ಹಾದಿಯನ್ನು 2016ರಲ್ಲಿ ದೇಶವೇ ನಿರ್ಮಿಸಿತು. ಅದರ ಮೇಲಿನ ಸಂಚಾರದ ಬಹುಭಾಗ ಫೋನ್‌ಪೇ ಮತ್ತು ಗೂಗಲ್ ಪೇಗಳ ಪಾಲಾಯಿತು. ಯಾರೊಬ್ಬರೂ ನೂರಕ್ಕೆ ಮೂವತ್ತನ್ನು ಮೀರಬಾರದೆಂದು 2020ರಲ್ಲಿ ಮಾಡಿದ ನಿಯಮದ ಜಾರಿಯನ್ನು 2024ರ ಕೊನೆಗೆ ಮತ್ತೆ ಎರಡು ವರ್ಷ ಮುಂದೂಡಲಾಯಿತು.

ಹಳಕಟ್ಟಿಯವರ ದಾರಿಯಲ್ಲಿ ನಡೆದವರೂ ಇಲ್ಲದಿಲ್ಲ. ಕನ್ನಡ ವಿಕಿಪೀಡಿಯ 2003ರಿಂದ ಸ್ವಯಂಸೇವಕರ ದುಡಿಮೆಯಿಂದ ಬೆಳೆದುಬಂದಿದೆ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳಾಗಿ ಹೊರಬಂದ ವಚನ ಸಾಹಿತ್ಯವು 'ವಚನ ಸಂಚಯ' ತಾಣದಲ್ಲಿ ಯಾರೂ ಹುಡುಕಿ ಓದುವಂತೆ ದೊರೆಯುವುದಕ್ಕೂ ಇಂತಹವರೇ ಕಾರಣ. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳು, ವಚನಕಾರರ ಹೆಸರು, ಅಂಕಿತ ಸಹಿತ ಅಲ್ಲಿವೆ, ಜಾಹೀರಾತಿನ ಹಂಗಿಲ್ಲ. ಆದರೂ ಮಾನ್ವಿಯ ಕಾಲೇಜು ವಿದ್ಯಾರ್ಥಿ ನೆನಪಿನಲ್ಲುಳಿದ ಎರಡು ಪದಗಳನ್ನು ಬೆರಳಚ್ಚಿಸುವುದು ಗೂಗಲ್‌ನಲ್ಲಿ. ವಿದ್ವಾಂಸರು ಶೋಧಿಸಿದ ಪಾಠವಿರುವ ಪುಟ ಅವನಿಗೆ ಮೊದಲು ಕಾಣಬಹುದು. ಹೂವಿನ ಚಿತ್ರದ ಮೇಲೆ ಯಾರೋ ತಿದ್ದಿ ಬರೆದ, ಅಂಕಿತ ಕಳಚಿದ ನಾಲ್ಕು ಸಾಲುಗಳೂ ಕಾಣಬಹುದು. ಎರಡರಲ್ಲಿ ಯಾವುದು ಮೇಲೆ ಬಂದಿತೆಂಬುದನ್ನು ಅವನು ನೋಡುತ್ತಾನೆ. ಏಕೆ ಬಂದಿತೆಂದು ಕೇಳಲು ಅವನಿಗೆ ಮಾನ್ವಿಯಲ್ಲಾಗಲಿ ರಾಯಚೂರಿನಲ್ಲಾಗಲಿ ಒಂದು ಬಾಗಿಲೂ ಇಲ್ಲ.