ಮುದಿ ನಾಯಿಯ ನೆಕ್ಕುವ ಚಾಳಿ: ಕಾರಣ ತಿಳಿದು ಉಪಚರಿಸಿ

ಹಟ್ಟಿ, ಕಣ, ತೋಟಗಳ ಕಾವಲಿಗೆ ನಾಯಿ ಸಾಕದ ರೈತರು ಕಡಿಮೆ. ಕುರಿ ಮಂದೆಯ ಹಿಂದೆ ಓಡಾಡಿದ, ಕಬ್ಬಿನ ಗದ್ದೆಗೆ ಹಂದಿ ನುಗ್ಗದಂತೆ ರಾತ್ರಿಯೆಲ್ಲ ಬೊಗಳಿದ ನಾಯಿಗೂ ಮುಪ್ಪು ಬರುತ್ತದೆ. ಏಳೆಂಟು ವರ್ಷ ದಾಟಿದ ನಾಯಿಯನ್ನು ವಯಸ್ಸಾದದ್ದೆಂದೇ ಎಣಿಸಬೇಕು. ದೊಡ್ಡ ಗಾತ್ರದ ನಾಯಿಗಳಿಗೆ ಮುಪ್ಪು ಇನ್ನೂ ಬೇಗ.

ಈ ವಯಸ್ಸಿನಲ್ಲಿ ಕೆಲವು ನಾಯಿಗಳು ಗಂಟೆಗಟ್ಟಲೆ ಕಾಲು ನೆಕ್ಕುತ್ತ ಕೂರುತ್ತವೆ. ಕೆಲವು ನೆಲ, ಗೋಡೆ ನೆಕ್ಕುತ್ತವೆ. ‘ವಯಸ್ಸಾಯಿತು, ಅದರ ಚಾಳಿ’ ಎಂದು ಮನೆಯವರು ಸುಮ್ಮನಾಗುತ್ತಾರೆ, ಇಲ್ಲವೇ ಗದರಿಸಿ ಕಟ್ಟಿಹಾಕುತ್ತಾರೆ. ಎರಡೂ ಸರಿಯಲ್ಲ. ಮೈ ನೆಕ್ಕಿ ಶುಚಿ ಮಾಡಿಕೊಳ್ಳುವುದು ನಾಯಿಯ ಸಹಜ ಗುಣ. ಆದರೆ ಕರೆದರೂ ಬಿಡದೆ, ಕೂದಲು ಉದುರುವಷ್ಟು ನೆಕ್ಕಿದರೆ ಒಳಗೆಲ್ಲೋ ತೊಂದರೆ ಇದೆಯೆಂದು ತಿಳಿಯಬೇಕು.

ಎಲ್ಲಿ ನೆಕ್ಕುತ್ತದೆ, ಗಮನಿಸಿ

ನಾಯಿ ನೆಕ್ಕುವ ಜಾಗವೇ ಬಹುಪಾಲು ಕಾರಣವನ್ನು ತಿಳಿಸುತ್ತದೆ.

ಮುಂಗಾಲಿನ ಮಣಿಕಟ್ಟು, ಮೊಣಕಾಲು ಅಥವಾ ಸೊಂಟದ ಪಕ್ಕವನ್ನೇ ನೆಕ್ಕುತ್ತಿದ್ದರೆ ಕೀಲುನೋವು ಇರಬಹುದು. ಬೆಳಿಗ್ಗೆ ಏಳುವಾಗ ತಡವರಿಸುವುದು, ಜಗಲಿ ಹತ್ತಲು ಹಿಂಜರಿಯುವುದು ಇದರ ಜೊತೆಗಿನ ಗುರುತು.

ಬಾಲದ ಬುಡ, ತೊಡೆಸಂದಿಗಳನ್ನು ಕಚ್ಚಿ ನೆಕ್ಕಿದರೆ ಚಿಗಟವನ್ನು ಹುಡುಕಿ. ಕಾಲ್ಬೆರಳ ಸಂದಿಯಲ್ಲಾದರೆ ಉಣ್ಣೆ, ಮುಳ್ಳು ಅಥವಾ ಹುಲ್ಲಿನ ಊಬು ಸೇರಿರುವುದುಂಟು. ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತ ನೆಕ್ಕಿದರೆ ಗುದದ ಪಕ್ಕದ ಗ್ರಂಥಿಗಳು ತುಂಬಿರಬಹುದು.

ಹೆಣ್ಣು ನಾಯಿ ಬೆದೆ ಕಳೆದ ಒಂದೆರಡು ತಿಂಗಳಲ್ಲಿ ಜನನಾಂಗವನ್ನು ಸದಾ ನೆಕ್ಕುತ್ತ, ಅತಿಯಾಗಿ ನೀರು ಕುಡಿಯುತ್ತ, ಮೇವು ಬಿಟ್ಟರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಇದು ಪ್ರಾಣಾಪಾಯದ ಸ್ಥಿತಿ. ಅದೇ ದಿನ ಪಶುವೈದ್ಯರಿಗೆ ತೋರಿಸಿ. ಗಂಡಾಗಲಿ ಹೆಣ್ಣಾಗಲಿ, ಜನನಾಂಗದಿಂದ ರಕ್ತ ತೊಟ್ಟಿಕ್ಕುತ್ತಿದ್ದರೆ ಸಂಗದಿಂದ ಹರಡುವ ಗೆಡ್ಡೆರೋಗದ ಶಂಕೆ ಉಂಟು. ನಮ್ಮ ಬೀದಿನಾಯಿಗಳಲ್ಲಿ ಇದು ಸಾಮಾನ್ಯ. ವಾರಕ್ಕೊಂದರಂತೆ ಕೆಲವು ವಾರ ಚುಚ್ಚುಮದ್ದು ಕೊಡಿಸಿದರೆ ಬಹುತೇಕ ವಾಸಿಯಾಗುತ್ತದೆ.

ನೆಲ, ಗೋಡೆ, ತುಟಿ ನೆಕ್ಕುವುದಕ್ಕೆ ಹೊಟ್ಟೆತೊಳಸು, ಹಲ್ಲು–ವಸಡಿನ ಕೊಳೆತ, ಮೂತ್ರಪಿಂಡದ ದೌರ್ಬಲ್ಯ ಕಾರಣವಾಗಬಹುದು. ಕೆನಡಾ ದೇಶದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೀಗೆ ನೆಲ ನೆಕ್ಕುವ 19 ನಾಯಿಗಳನ್ನು ಪರೀಕ್ಷಿಸಿದಾಗ 14ರಲ್ಲಿ ಜಠರ, ಕರುಳಿನ ದೋಷ ಕಂಡುಬಂತು. ಚಾಳಿ ಎಂದು ಹೊಡೆದರೆ ಹೊಟ್ಟೆಯ ರೋಗ ಹೋದೀತೇ?

ಹುಣ್ಣು ಚಾಳಿಯಾಗುವ ಬಗೆ

ಕಾರಣ ಯಾವುದೇ ಇರಲಿ, ತಿಂಗಳುಗಟ್ಟಲೆ ನೆಕ್ಕಿದ ಜಾಗದಲ್ಲಿ ಕೂದಲು ಹೋಗಿ, ಚರ್ಮ ದಪ್ಪವಾಗಿ, ಕೆಂಪು ಹುಣ್ಣಾಗುತ್ತದೆ. ಹುಣ್ಣು ತುರಿಸುತ್ತದೆ, ತುರಿಕೆಗೆ ಮತ್ತೆ ನೆಕ್ಕುತ್ತದೆ. ಕೊನೆಗೆ ಮೂಲ ಕಾರಣ ಹೋದರೂ ಚಾಳಿ ಉಳಿಯುತ್ತದೆ. ಹಗಲೆಲ್ಲ ಸರಪಳಿಯಲ್ಲಿ ಒಂಟಿಯಾಗಿ ಬಿದ್ದಿರುವ ನಾಯಿಗೆ ಇದು ಬೇಗ ಅಂಟಿಕೊಳ್ಳುತ್ತದೆ. ಮಿದುಳಿಗೆ ಮುಪ್ಪು ಬಂದಾಗಲೂ ಹೀಗಾಗುವುದುಂಟು. ಅಂಥ ನಾಯಿ ರಾತ್ರಿ ಸುಮ್ಮನೆ ತಿರುಗುತ್ತದೆ, ಮೂಲೆಗೆ ಮುಖಮಾಡಿ ನಿಲ್ಲುತ್ತದೆ, ಪರಿಚಿತರನ್ನೂ ಮರೆಯುತ್ತದೆ. ಆದ್ದರಿಂದ ನೆಕ್ಕಲು ತೊಡಗಿದ ಮೊದಲ ವಾರಗಳಲ್ಲೇ ಕಾರಣ ಹುಡುಕುವುದು ಜಾಣತನ.

ಮನೆಯಲ್ಲಿ ಮಾಡಬಹುದಾದದ್ದು

1. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಒಂದೂವರೆ ಟೀ ಚಮಚ ಉಪ್ಪು ಬೆರೆಸಿ ಹುಣ್ಣು ತೊಳೆಯಿರಿ. ಶುಭ್ರ ಬಟ್ಟೆಯಿಂದ ಒರೆಸಿ. ನೊಣ ಕೂತು ಹುಳ ಬೀಳದಂತೆ ದಿನವೂ ನೋಡಿ.

2. ಹಳೆಯ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ, ಅಂಚಿಗೆ ಬಟ್ಟೆ ಸುತ್ತಿ ಕೊರಳಿಗೆ ತೊಡಿಸಿದರೆ ಬಾಯಿ ಹುಣ್ಣಿಗೆ ತಲುಪದು. ಉಸಿರಾಟಕ್ಕೆ ಬಿಗಿಯಾಗಬಾರದು, ಊಟದ ಹೊತ್ತಿಗೆ ತೆಗೆಯಿರಿ.

3. ತಣ್ಣನೆಯ ಸಿಮೆಂಟು ನೆಲದ ಬದಲು ಹುಲ್ಲು ತುಂಬಿದ ಗೋಣಿಚೀಲದ ಮೇಲೆ ಮಲಗಿಸಿ.

4. ಬೆಳಿಗ್ಗೆ ಸಂಜೆ ನಿಧಾನವಾಗಿ ನಡೆಸಿ. ಮೈ ಬೊಜ್ಜಾದರೆ ಕೀಲಿನ ಮೇಲೆ ಭಾರ ಹೆಚ್ಚುತ್ತದೆ, ಊಟ ಮಿತವಾಗಿರಲಿ.

ಇವುಗಳಿಂದ ವಾರದೊಳಗೆ ಗುಣ ಕಾಣದಿದ್ದರೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಎಂದಿನಿಂದ, ಎಲ್ಲಿ, ಯಾವ ಹೊತ್ತಿನಲ್ಲಿ ನೆಕ್ಕುತ್ತದೆ ಎಂಬುದನ್ನು ತಿಳಿಸಿದರೆ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ.

ಇವನ್ನು ಮಾಡಬೇಡಿ

ಹುಣ್ಣಿಗೆ ಸೀಮೆಎಣ್ಣೆ, ಸುಟ್ಟ ಆಯಿಲ್, ಫಿನಾಯಿಲ್ ಹಚ್ಚಬೇಡಿ. ನೆಕ್ಕುವ ನಾಯಿಗೆ ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆಂಬುದನ್ನು ಮರೆಯಬಾರದು. ಹಿಂದೆ ಉಣ್ಣೆಗೆ ಬಿ.ಎಚ್.ಸಿ. ಪುಡಿ ತೂರುವ ರೂಢಿಯಿತ್ತು. 1997ರಲ್ಲಿ ಅದು ನಿಷೇಧವಾಯಿತು. ಬೆಳೆಗೆ ಹೊಡೆಯುವ ಯಾವ ಔಷಧಿಯೂ ನಾಯಿಯ ಮೈಗೆ ಸಲ್ಲದು. ಮನುಷ್ಯರ ನೋವಿನ ಮಾತ್ರೆಗಳನ್ನೂ ಕೊಡಬೇಡಿ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತಸ್ರಾವವಾಗಬಹುದು, ಮೂತ್ರಪಿಂಡ ಕೆಡಬಹುದು.

ಹುಚ್ಚಿನ ಎಚ್ಚರ

ಹುಚ್ಚು ರೋಗ ತಗಲಿದ ನಾಯಿ ಕೆಲವೊಮ್ಮೆ ತನಗೆ ಹಿಂದೆ ಕಚ್ಚಿದ ಜಾಗವನ್ನೇ ನೆಕ್ಕಿ, ಕಡಿದುಕೊಳ್ಳುತ್ತದೆ. ಜೊತೆಗೆ ದನಿ ಬದಲಾಗುವುದು, ಜೊಲ್ಲು ಸುರಿಯುವುದು, ದವಡೆ ಜೋಲುವುದು, ಕಾರಣವಿಲ್ಲದೆ ಎರಗುವುದು ಕಂಡರೆ ಹತ್ತಿರ ಹೋಗದೆ ಪಶುವೈದ್ಯರಿಗೆ ತಿಳಿಸಿ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕುವುದಂತೂ ಬೇಡವೇ ಬೇಡ.

ಶಂಕೆಯ ನಾಯಿ ನಿಮ್ಮ ಗಾಯ, ತರಚಿದ ಚರ್ಮ, ಕಣ್ಣು ಅಥವಾ ಬಾಯಿಯನ್ನು ನೆಕ್ಕಿದರೂ ಕಚ್ಚಿದಷ್ಟೇ ಅಪಾಯ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆಯಿರಿ. ಕಣ್ಣು, ಬಾಯಿಯನ್ನು ಬರಿಯ ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ನಾಯಿ ಮುದಿಯಾದರೂ ವರ್ಷಕ್ಕೊಮ್ಮೆಯ ಹುಚ್ಚಿನ ಲಸಿಕೆ ತಪ್ಪಬಾರದು.

ದುಡಿದ ಎತ್ತಿಗೆ ಮುಪ್ಪಿನಲ್ಲಿ ಹಿಡಿ ಹುಲ್ಲು ಹಾಕುವ ಒಕ್ಕಲುತನ ನಮ್ಮದು. ಮನೆ ಕಾಯ್ದ ನಾಯಿಯೂ ಅದರಲ್ಲಿ ಪಾಲುದಾರ. ಇಂದು ಸಂಜೆ ಅದನ್ನು ಹತ್ತಿರ ಕರೆದು, ಕಾಲ್ಬೆರಳ ಸಂದಿ, ಬಾಲದ ಬುಡ, ಬಾಯಿ, ಕೀಲುಗಳನ್ನು ಒಮ್ಮೆ ತಡವಿ ನೋಡಿ.